ಹಿತ್ತಲ ಕೋಳಿಗಳ ಜಗಳ: ಬೇರೆ ಬೇರೆ ತಳಿ ಒಟ್ಟಿಗೆ ಸಾಕುವಾಗ ಏನಾಗುತ್ತದೆ, ಯಾಕಾಗುತ್ತದೆ

ಈಗ ಹಳ್ಳಿಗಳ ಹಿತ್ತಲಲ್ಲಿ ಬರೀ ನಾಟಿ ಕೋಳಿ ಮಾತ್ರ ಇರುವುದು ಕಡಿಮೆಯಾಗಿದೆ. ಪಶುಸಂಗೋಪನೆ ಇಲಾಖೆಯವರು ರೈತ ಮಹಿಳೆಯರಿಗೆ ಐದು ವಾರದ ಮರಿಗಳನ್ನು ಹಂಚುತ್ತಾರೆ. ಸಂತೆಯಲ್ಲಿ ಗಿರಿರಾಜ ಸಿಗುತ್ತದೆ, ಮನೆ ಬಾಗಿಲಿಗೆ ಬರುವ ಟೆಂಪೋದಲ್ಲಿ ಕಾವೇರಿ ಅಂತಲೋ ಕಡಕ್‌ನಾಥ್ ಅಂತಲೋ ಮರಿ ಮಾರುತ್ತಾರೆ. ಆಸೆಯಿಂದ ನಾಲ್ಕೈದು ತಂದು ಮನೆಯ ಕೋಳಿಗಳ ಜೊತೆ ಬಿಟ್ಟರೆ ಹಳೆಯ ಹೇಂಟೆಗಳು ಅಟ್ಟಿಸಿಕೊಂಡು ಹೋಗಿ ತಲೆಗೇ ಕುಕ್ಕುತ್ತವೆ. ಹೊಸ ಮರಿಗಳು ಸೌದೆ ರಾಶಿಯ ಸಂದಿ ಸೇರಿಕೊಂಡು ಮೇವಿಗೂ ಬರುವುದಿಲ್ಲ. ಮೂರನೇ ದಿನಕ್ಕೆ ಒಂದರ ತಲೆಯಲ್ಲಿ ರಕ್ತ. ಆಗ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಈ ತಳಿಗಳು ಒಂದಕ್ಕೊಂದು ಆಗಿಬರುವುದಿಲ್ಲವಾ?

ಆಗಿಬರುತ್ತವೆ. ಬಹಳಷ್ಟು ಜಗಳಕ್ಕೆ ತಳಿ ಕಾರಣವೇ ಅಲ್ಲ. ನಾವು ಅವನ್ನು ಯಾವಾಗ ಸೇರಿಸಿದೆವು, ಎಷ್ಟು ಜಾಗ ಕೊಟ್ಟೆವು, ಏನು ತಿನ್ನಿಸಿದೆವು ಅನ್ನುವುದು ಕಾರಣ. ಇನ್ನೊಂದು ವಿಷಯವನ್ನೂ ಮೊದಲೇ ಹೇಳಿಬಿಡುತ್ತೇನೆ. ಕೋಳಿಗಳ ಜಗಳವನ್ನು ಪೂರ್ತಿ ನಿಲ್ಲಿಸಲು ಆಗುವುದಿಲ್ಲ, ನಿಲ್ಲಿಸಲೂ ಬಾರದು. ಅದು ಬೇಗ, ರಕ್ತ ಬರದ ಹಾಗೆ ಮುಗಿಯುವಂತೆ ನೋಡಿಕೊಳ್ಳುವುದಷ್ಟೇ ನಮ್ಮ ಕೆಲಸ.

## ಕೋಳಿಗಳು ಕುಕ್ಕಾಡುವುದು ಯಾಕೆ?

ನಮ್ಮ ಎಲ್ಲ ಸಾಕು ಕೋಳಿಗಳ ಮೂಲ ಕೆಂಪು ಕಾಡುಕೋಳಿ. ಕಾಡಿನಲ್ಲಿ ಅವು ಸಣ್ಣ ಸಣ್ಣ ಗುಂಪಾಗಿ ಇರುತ್ತವೆ. ಒಂದು ಹುಂಜ, ಕೆಲವು ಹೇಂಟೆ, ಅವುಗಳ ಮರಿಗಳು. ದಿನವಿಡೀ ನೆಲ ಕೆದಕಿ ಹುಳ, ಬೀಜ ಹುಡುಕಬೇಕು. ಸಿಕ್ಕ ಒಂದೊಂದು ಹುಳಕ್ಕೂ ಹೊಡೆದಾಡುತ್ತಾ ಕೂತರೆ ಶಕ್ತಿಯೂ ಹೋಯಿತು, ಹೊಂಚು ಹಾಕಿದ ಪ್ರಾಣಿಗೂ ಸಿಕ್ಕಿಬಿದ್ದ ಹಾಗಾಯಿತು. ಹಾಗಾಗಿ ಯಾರು ಮೊದಲು ತಿನ್ನಬೇಕು, ಯಾರು ದಾರಿ ಬಿಡಬೇಕು ಅನ್ನುವುದನ್ನು ಒಮ್ಮೆ ಕಾದಾಡಿ ತೀರ್ಮಾನ ಮಾಡಿಕೊಳ್ಳುತ್ತವೆ. ಆಮೇಲೆ ಬಹಳ ಕಾಲ ಅದೇ ನಡೆಯುತ್ತದೆ. ಇದಕ್ಕೆ ಕುಕ್ಕುವ ಸರದಿ ಎನ್ನೋಣ.

ಇದನ್ನು ಮೊದಲು ಶಾಸ್ತ್ರೀಯವಾಗಿ ಬರೆದವರು ನಾರ್ವೆಯ ಥೋರ್ಲೀಫ್ ಷೆಲ್ಡೆರುಪ್-ಎಬ್ಬೆ. ಚಿಕ್ಕ ಹುಡುಗನಾಗಿದ್ದಾಗಿನಿಂದ ಕೋಳಿಗಳನ್ನು ನೋಡುತ್ತಾ, ಯಾವುದು ಯಾವುದಕ್ಕೆ ಕುಕ್ಕಿತು ಎಂದು ಬರೆದಿಟ್ಟುಕೊಳ್ಳುತ್ತಾ ಬಂದವರು, 1921ರಲ್ಲಿ ಅದನ್ನೇ ತಮ್ಮ ಸಂಶೋಧನೆಯ ವಿಷಯ ಮಾಡಿಕೊಂಡರು. ಎರಡು ಕೋಳಿ ಎದುರಾದರೆ ಯಾವುದು ಬಿಟ್ಟುಕೊಡಬೇಕು ಎನ್ನುವುದು ಮೊದಲೇ ಗೊತ್ತಿರುತ್ತದೆ ಎಂದು ಅವರು ತೋರಿಸಿದರು. ಸರದಿ ಯಾವಾಗಲೂ ನೇರ ಸಾಲಿನಲ್ಲೇ ಇರಬೇಕೆಂದಿಲ್ಲ. ಬಿಳಿ ಕೋಳಿ ಕೆಂಪಿಗೆ ಕುಕ್ಕುತ್ತದೆ, ಕೆಂಪು ಕರಿಗೆ ಕುಕ್ಕುತ್ತದೆ, ಆದರೆ ಆ ಕರಿ ಕೋಳಿ ಬಂದು ಬಿಳಿಯನ್ನೇ ಅಟ್ಟುತ್ತದೆ. ಇಂಥ ಸುತ್ತುಗಳನ್ನೂ ಅವರು ಗುರುತಿಸಿದ್ದರು.

ದಿನಾ ಒಂದೇ ಬಸ್ಸಿಗೆ ಹೋಗುವವರನ್ನು ನೋಡಿ. ಯಾರು ಕಿಟಕಿ ಪಕ್ಕ, ಯಾರು ಡ್ರೈವರ್ ಹಿಂದೆ ಅಂತ ಯಾರೂ ಬರೆದಿಟ್ಟಿಲ್ಲ, ಆದರೂ ಎಲ್ಲರಿಗೂ ಗೊತ್ತು. ಗಲಾಟೆ ಇಲ್ಲ. ಒಬ್ಬ ಹೊಸಬ ಹತ್ತಿ ಆ ಕಿಟಕಿ ಸೀಟಲ್ಲಿ ಕೂತ ದಿನ ಮಾತ್ರ ಎಲ್ಲರ ಮುಖ ಬದಲಾಗುತ್ತದೆ. ಸೀಟು ಕಡಿಮೆ ಇದ್ದರಂತೂ ಮಾತು ಬೆಳೆಯುತ್ತದೆ. ಕೋಳಿ ಗುಂಪಿನಲ್ಲೂ ಹಾಗೇ, ಹೊಸಬರು ಬಂದಾಗ ಮತ್ತು ಜಾಗ ಸಾಲದಾದಾಗ ಜಗಳ.

ನಿಮ್ಮ ಮನೆಯ ಸರದಿ ನೋಡಬೇಕು ಅಂದರೆ ಬೆಳಿಗ್ಗೆ ಗೂಡು ತೆಗೆದು, ಒಂದೇ ಕಡೆ ಒಂದು ಹಿಡಿ ರಾಗಿ ಚೆಲ್ಲಿ, ಸುಮ್ನೆ ನಿಂತು ನೋಡಿ. ಒಂದು ಹೇಂಟೆ ನೇರ ಬಂದು ನಡುವೆ ನಿಲ್ಲುತ್ತದೆ. ಪಕ್ಕದಲ್ಲಿರುವುದು ತಲೆ ಸ್ವಲ್ಪ ತಗ್ಗಿಸಿ ಒಂದು ಹೆಜ್ಜೆ ಸರಿಯುತ್ತದೆ, ಕುಕ್ಕುವ ಅವಶ್ಯಕತೆಯೇ ಬರುವುದಿಲ್ಲ. ಒಂದು ಕೋಳಿ ಮಾತ್ರ ಹೊರಗೇ ಸುತ್ತುತ್ತಿರುತ್ತದೆ, ಎಲ್ಲರ ಬೆನ್ನು ಆ ಕಡೆ ಆದಾಗ ಓಡಿಬಂದು ಎರಡು ಕಾಳು ಎತ್ತಿಕೊಂಡು ಮತ್ತೆ ಹಿಂದಕ್ಕೆ. ಅದು ಸರದಿಯ ಕೊನೆ. ಅದನ್ನು ಗುರುತಿಟ್ಟುಕೊಳ್ಳಿ. ಮೇವು ಸಾಲದಿದ್ದರೆ, ರೋಗ ಬಂದರೆ ಮೊದಲು ಸೊರಗುವುದು ಅದೇ.

ಒಟ್ಟಿಗೆ ಬೆಳೆದ ಮರಿಗಳು ಎರಡು ಮೂರು ವಾರಕ್ಕೇ ಎದೆ ಉಬ್ಬಿಸಿ ಎದುರುಬದುರು ನಿಲ್ಲಲು ಶುರು ಮಾಡುತ್ತವೆ. ಆರರಿಂದ ಹತ್ತು ವಾರದ ಹೊತ್ತಿಗೆ ಸರದಿ ಹೆಚ್ಚುಕಡಿಮೆ ಗಟ್ಟಿಯಾಗುತ್ತದೆ. ಹುಂಜಗಳ ಸರದಿ ಬೇರೆ, ಹೇಂಟೆಗಳದ್ದು ಬೇರೆ.

## ಗುರುತು ಹಿಡಿಯುವುದು ತಲೆ ನೋಡಿ

ಕೋಳಿಗಳು ಒಂದನ್ನೊಂದು ಗುರುತು ಹಿಡಿಯುವುದು ಮುಖ್ಯವಾಗಿ ತಲೆ ಮತ್ತು ಜುಟ್ಟು ನೋಡಿ. ಜುಟ್ಟಿನ ಆಕಾರ, ಬಣ್ಣ, ಅದು ಯಾವ ಕಡೆ ವಾಲಿದೆ, ಇವೆಲ್ಲ ಅವಕ್ಕೆ ಮುಖದ ಹಾಗೆ. ಅದಕ್ಕೇ ಜುಟ್ಟಿಗೆ ಗಾಯವಾಗಿ ಊದಿಕೊಂಡ ಕೋಳಿಯನ್ನು ಅದರ ಗುಂಪಿನವೇ ಹೊಸಬರಂತೆ ಕಂಡು ಮೇಲೆ ಬೀಳುವುದುಂಟು. ಎರಡು ಮೂರು ವಾರ ಬೇರೆ ಇಟ್ಟಿದ್ದ ಕೋಳಿಯನ್ನು ಮರಳಿ ಬಿಟ್ಟಾಗಲೂ ಹೀಗೇ ಆಗಬಹುದು. ಅಷ್ಟರಲ್ಲಿ ಅದರ ಜಾಗ ಹೋಗಿರುತ್ತದೆ.

ತಳಿಯ ಪ್ರಶ್ನೆ ಬರುವುದು ಇಲ್ಲಿ. ಕೆಂದು ಬಣ್ಣದ ನಾಟಿಗಳ ನಡುವೆ ಒಂದೇ ಒಂದು ಕಪ್ಪು ಜುಟ್ಟಿನ ಕಡಕ್‌ನಾಥ್, ಅಥವಾ ಒಂದೇ ಒಂದು ಬೋಳುಕತ್ತಿನ ಕೋಳಿ ಇದ್ದರೆ ಅದು ಎದ್ದು ಕಾಣುತ್ತದೆ, ಏಟೂ ಜಾಸ್ತಿ ತಿನ್ನುತ್ತದೆ. ಆದರೆ ಅದೇ ಕೋಳಿಗಳನ್ನು ಮರಿಯಿಂದ ಒಂದೇ ಬುಟ್ಟಿಯಲ್ಲಿ ಬೆಳೆಸಿ ನೋಡಿ, ಬಣ್ಣದ ಕಡೆ ತಿರುಗಿಯೂ ನೋಡುವುದಿಲ್ಲ. ಬೇರೆ ಬೇರೆ ತಳಿ ಬೇಕು ಅನ್ನುವವರು ಒಂದೇ ವಯಸ್ಸಿನ ಮರಿಗಳನ್ನು ಒಂದೇ ಸಲ ತಂದು ಒಟ್ಟಿಗೆ ಬೆಳೆಸುವುದು ಎಲ್ಲಕ್ಕಿಂತ ಸುಲಭದ ದಾರಿ. ಒಂದೊಂದು ತಳಿಯದ್ದೂ ಕನಿಷ್ಠ ಎರಡಾದರೂ ಇರಲಿ.

## ಯಾವ ತಳಿ ಎಂಥದು

ನಾಟಿ ಕೋಳಿ ಹಗುರ, ಚುರುಕು. ಹದ್ದಿನ ನೆರಳು ಕಂಡರೆ ಸಾಕು, ಕೂಗಿ ಎಲ್ಲರನ್ನೂ ಬೇಲಿ ಸೇರಿಸುತ್ತದೆ. ಬಿಟ್ಟರೆ ರಾತ್ರಿ ನುಗ್ಗೆ ಮರದ ಮೇಲೆ ಮಲಗುತ್ತದೆ. ವರ್ಷಕ್ಕೆ 50ರಿಂದ 80 ಮೊಟ್ಟೆ, ಆದರೆ ಕಾವಿಗೆ ಕೂರುವುದರಲ್ಲಿ, ಮರಿ ಸಾಕುವುದರಲ್ಲಿ ಇದರ ಸಮ ಇಲ್ಲ. ಮೈ ಚಿಕ್ಕದಾದರೂ ಗುಂಪಿನಲ್ಲಿ ಬಹಳ ಸಲ ಇದೇ ಯಜಮಾನಿ.

ಗಿರಿರಾಜ ನಮ್ಮದೇ ತಳಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳದ ವಿಜ್ಞಾನಿಗಳು 1980ರ ದಶಕದ ಕೊನೆಗೆ ರೂಪಿಸಿದ್ದು. ದಪ್ಪ ಮೈ, ವರ್ಷಕ್ಕೆ 130ರಿಂದ 150 ಮೊಟ್ಟೆ. ನಿಧಾನದ ಕೋಳಿ. ಓಡುವುದು, ಹಾರುವುದು ಕಡಿಮೆ. ತನಗಿಂತ ಅರ್ಧ ಇರುವ ನಾಟಿ ಹೇಂಟೆ ಅಟ್ಟಿಸಿಕೊಂಡು ಬಂದರೂ ಗಿರಿರಾಜ ಹೋಗಿ ಮೂಲೆಯಲ್ಲಿ ನಿಲ್ಲುತ್ತದೆ. ಗಾತ್ರ ನೋಡಿ ಇದೇ ಗೆಲ್ಲುತ್ತದೆ ಅಂದುಕೊಳ್ಳಬೇಡಿ, ಜಗಳ ಗೆಲ್ಲುವುದು ಚುರುಕು ಮತ್ತು ಹಟ. ಸ್ವರ್ಣಧಾರ 2005ರಲ್ಲಿ ಬಂತು. ಗಿರಿರಾಜಕ್ಕಿಂತ ಮೈ ಹಗುರ, ಹಾಗಾಗಿ ನಾಯಿ ಬೆಕ್ಕಿನಿಂದ ತಪ್ಪಿಸಿಕೊಳ್ಳುವುದರಲ್ಲಿ ಸ್ವಲ್ಪ ವಾಸಿ. ಮೊಟ್ಟೆಯೂ ಜಾಸ್ತಿ, 180ರಿಂದ 190. ಎರಡೂ ಕಾವಿಗೆ ಕೂರುವ ಗೋಜಿಗೆ ಹೋಗುವುದಿಲ್ಲ. ಕಾವೇರಿ ಹೆಸರಘಟ್ಟದ ಕೇಂದ್ರೀಯ ಕುಕ್ಕುಟ ಸಂಸ್ಥೆಯ ತಳಿ, ವನರಾಜ ಮತ್ತು ಗ್ರಾಮಪ್ರಿಯ ಹೈದರಾಬಾದಿನವು. ಇವೆಲ್ಲ ಹಿತ್ತಲಿಗೆಂದೇ ಮಾಡಿದ ತಳಿಗಳು, ಸಾಮಾನ್ಯವಾಗಿ ಸಾಧು.

ಕಡಕ್‌ನಾಥ್ ಮಧ್ಯಪ್ರದೇಶದ ಝಾಬುವಾ ಕಡೆಯದು. 2018ರಲ್ಲಿ ಜಿಐ, ಅಂದರೆ ಆ ಪ್ರದೇಶದ್ದೇ ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಚರ್ಮ, ಜುಟ್ಟು, ಮಾಂಸ ಎಲ್ಲವೂ ಕಪ್ಪು. ಬೆದರು ಸ್ವಭಾವ, ಹಗುರ ಮೈ, ಏನಾದರೂ ಸದ್ದಾದರೆ ಹಾರಿಬಿಡುತ್ತದೆ. ದಪ್ಪ ತಳಿಗಳ ಜೊತೆ ಇಕ್ಕಟ್ಟಿನಲ್ಲಿ ಕೂಡಿಹಾಕಿದರೆ ಸೊರಗುತ್ತದೆ. ಬಯಲು ಸಿಕ್ಕರೆ ಚೆನ್ನಾಗಿರುತ್ತದೆ.

ಅಸೀಲ್ ಬೇರೆಯದೇ ಕಥೆ. ಎತ್ತರದ ನಿಲುವು, ಗಟ್ಟಿ ಕುತ್ತಿಗೆ, ಕಾದಾಟಕ್ಕೆಂದೇ ತಲೆತಲಾಂತರದಿಂದ ಆರಿಸಿ ಬೆಳೆಸಿದ ರಕ್ತ. ಬೇರೆ ಕೋಳಿ ಸೋತು ಓಡಿದರೆ ಅಲ್ಲಿಗೆ ಬಿಡುವುದು ಉಳಿದ ತಳಿಗಳ ಗುಣ, ಅಸೀಲ್ ಬಿಡುವುದಿಲ್ಲ. ಮರಿಗಳೇ ಕೆಲವು ವಾರಕ್ಕೆ ರಕ್ತ ಬರುವಂತೆ ಕಾದಾಡುತ್ತವೆ. ಅಸೀಲ್ ಹುಂಜವನ್ನು ಬೇರೆ ಹುಂಜದ ಜೊತೆ ಯಾವ ಕಾರಣಕ್ಕೂ ಬಿಡಬೇಡಿ. ಹೇಂಟೆ ಮಾತ್ರ ಒಳ್ಳೆಯ ತಾಯಿ. ಅಂದಹಾಗೆ ಕೋಳಿಗಳನ್ನು ಕಾದಾಟಕ್ಕೆ ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ.

ಇನ್ನೊಂದು ಬಗೆ ಇದೆ, ಬಹಳ ಜನ ತರುತ್ತಾರೆ. ಫಾರಂನಲ್ಲಿ ಮೊಟ್ಟೆ ಇಟ್ಟು ಮುಗಿಸಿದ ಬಿವಿ 380ಯಂಥ ಕೋಳಿಗಳು. ಕಡಿಮೆ ದುಡ್ಡಿಗೆ ಸಿಗುತ್ತವೆ. ಪಂಜರದಲ್ಲೇ ಬೆಳೆದಿರುವುದರಿಂದ ಅವಕ್ಕೆ ಓಡಿ ಗೊತ್ತಿಲ್ಲ, ಅಡಗಿ ಗೊತ್ತಿಲ್ಲ. ಕೊಕ್ಕಿನ ತುದಿಯನ್ನು ಕತ್ತರಿಸಿರುತ್ತಾರೆ, ಹಾಗಾಗಿ ತಿರುಗಿ ಕುಕ್ಕಲೂ ಆಗದು. ಇವನ್ನು ತಂದ ದಿನವೇ ನಾಟಿಗಳ ನಡುವೆ ಬಿಡುವುದು ದೊಡ್ಡ ಅನ್ಯಾಯ. ಮೊದಲು ಒಂದಷ್ಟು ದಿನ ತಾವೇ ಇದ್ದು ನೆಲ ಕೆದಕುವುದು, ಕೋಲಿನ ಮೇಲೆ ಕೂರುವುದು ಕಲಿಯಲಿ.

## ಎರಡು ಬಗೆಯ ಕುಕ್ಕಾಟ, ಎರಡು ಬಗೆಯ ಮದ್ದು

ಇದೊಂದು ವ್ಯತ್ಯಾಸ ಗೊತ್ತಾದರೆ ಅರ್ಧ ಸಮಸ್ಯೆ ಮುಗಿದ ಹಾಗೆ. ಕುಕ್ಕಾಟ ಎಲ್ಲವೂ ಜಗಳವಲ್ಲ. ಏಟು ಎಲ್ಲಿ ಬೀಳುತ್ತಿದೆ ನೋಡಿ.

ತಲೆಗೆ, ಜುಟ್ಟಿಗೆ, ಕುತ್ತಿಗೆಯ ಹಿಂದೆ ಬೀಳುತ್ತಿದ್ದರೆ ಅದು ಸರದಿಯ ಜಗಳ. ಎರಡು ಕೋಳಿ ಕತ್ತಿನ ಪುಕ್ಕ ಕೆದರಿಕೊಂಡು ಎದುರು ನಿಂತು, ಎದೆಗೆ ಎದೆ ಹಾರಿ, ಒಂದು ತಿರುಗಿ ಓಡುತ್ತದೆ. ಅರ್ಧ ನಿಮಿಷದ ಕೆಲಸ. ಗೆದ್ದದ್ದು ನಾಲ್ಕು ಹೆಜ್ಜೆ ಅಟ್ಟಿ ನಿಲ್ಲುತ್ತದೆ. ಇದಕ್ಕೆ ಕೈ ಹಾಕಬೇಡಿ. ನಡುವೆ ಹೋಗಿ ಬಿಡಿಸಿದರೆ ತೀರ್ಮಾನ ಆಗುವುದಿಲ್ಲ, ನಾಳೆ ಮತ್ತೆ ಮೊದಲಿಂದ ಶುರು. ಸೋತ ಕೋಳಿಗೆ ಓಡಲು ಜಾಗ ಇದೆಯಾ, ಮರೆಯಾಗಲು ಒಂದು ಅಡ್ಡ ಇದೆಯಾ ಅನ್ನುವುದಷ್ಟೇ ನೋಡಿ. ಓಡಲು ಜಾಗವಿಲ್ಲದ ಕಡೆ ಸೋತ ಕೋಳಿ ಗೆದ್ದ ಕೋಳಿಯ ಕಣ್ಣೆದುರೇ ಇರಬೇಕಾಗುತ್ತದೆ. ಸೋಲೊಪ್ಪಿದ್ದು ಕಾಣುವುದಿಲ್ಲ, ಏಟು ಮುಂದುವರಿಯುತ್ತದೆ.

ಬೆನ್ನಿಗೆ, ಬಾಲದ ಬುಡಕ್ಕೆ, ಮೊಟ್ಟೆ ಇಡುವ ಜಾಗಕ್ಕೆ ಕುಕ್ಕುತ್ತಿದ್ದರೆ ಅದು ಬೇರೆ. ಅಲ್ಲಿ ಕೋಪ ಇರುವುದಿಲ್ಲ. ಒಂದು ಕೋಳಿ ಇನ್ನೊಂದರ ಹಿಂದೆ ನಿಧಾನಕ್ಕೆ ಬಂದು ಪುಕ್ಕ ಎಳೆದು ತಿನ್ನುತ್ತದೆ, ಎಳೆಸಿಕೊಂಡದ್ದು ಸುಮ್ಮನೆ ನಿಂತಿರುತ್ತದೆ. ನೆಲ ಕೆದಕಿ ಹುಡುಕಬೇಕಾದ ಕೊಕ್ಕು ಕೆಲಸವಿಲ್ಲದೆ ಪಕ್ಕದ ಕೋಳಿಯ ಮೇಲೆ ತಿರುಗಿದೆ ಅಂತ ಅರ್ಥ. ಕಾರಣಗಳು ಹಲವು. ಮೇವಿನಲ್ಲಿ ಪ್ರೋಟೀನ್ ಕಡಿಮೆ, ಉಪ್ಪಿನ ಅಂಶ ಕಡಿಮೆ, ಜಾಗ ಇಕ್ಕಟ್ಟು, ಗೂಡಿನಲ್ಲಿ ಬೆಳಕು ಜಾಸ್ತಿ, ಬಿಸಿಲ ಧಗೆ, ಮೈ ತುಂಬ ಹೇನು. ಪುಕ್ಕ ಅನ್ನುವುದು ಬಹುಪಾಲು ಪ್ರೋಟೀನ್‌ನಿಂದಲೇ ಆಗಿದ್ದು. ಮೇವಿನಲ್ಲಿ ಸಿಗದ್ದನ್ನು ಕೋಳಿ ಪಕ್ಕದ ಕೋಳಿಯ ಬೆನ್ನಿನಲ್ಲಿ ಹುಡುಕುತ್ತದೆ. ಇದನ್ನು ನೋಡಿ ಉಳಿದವೂ ಕಲಿಯುತ್ತವೆ. ಇದು ತಾನಾಗಿ ಮುಗಿಯುವುದಿಲ್ಲ, ಬಿಟ್ಟರೆ ಬೆಳೆಯುತ್ತದೆ. ರಕ್ತ ಕಂಡರೆ ಎಲ್ಲ ಕೋಳಿಗಳೂ ಅಲ್ಲಿಗೇ ಕುಕ್ಕಿ, ಒಂದೇ ದಿನದಲ್ಲಿ ಆ ಕೋಳಿ ಸಾಯಬಹುದು.

ಮೊದಲ ಸಲ ಮೊಟ್ಟೆ ಇಡುವ ಹೇಂಟೆಗೆ ಈ ಅಪಾಯ ಜಾಸ್ತಿ. ಮೊಟ್ಟೆ ಇಟ್ಟ ಕೂಡಲೇ ಆ ಜಾಗ ಸ್ವಲ್ಪ ಹೊತ್ತು ಕೆಂಪಗೆ, ತೇವವಾಗಿ ಹೊರಗೆ ಕಾಣುತ್ತದೆ. ಬೆಳಕಿನಲ್ಲಿ ಇಟ್ಟರೆ ಬೇರೆ ಕೋಳಿಗಳ ಕಣ್ಣು ಅಲ್ಲಿಗೇ ಹೋಗುತ್ತದೆ. ಮೊಟ್ಟೆ ಇಡುವ ಬುಟ್ಟಿಯನ್ನು ಕತ್ತಲೆ ಮೂಲೆಯಲ್ಲಿ ಇಡಿ, ಮುಂದೆ ಒಂದು ಗೋಣಿ ಚೀಲದ ತುಂಡು ಇಳಿಬಿಟ್ಟರೂ ಸಾಕು.

## ಮೇವು, ಜಾಗ, ಕೆದಕಲು ನೆಲ

ಬರೀ ರಾಗಿ, ಅಕ್ಕಿ ನುಚ್ಚು, ಜೋಳ ಹಾಕಿದರೆ ಹೊಟ್ಟೆ ತುಂಬುತ್ತದೆ, ಪ್ರೋಟೀನ್ ಸಾಲುವುದಿಲ್ಲ. ಬೆಳೆಯುವ ಮರಿಗೆ ನೂರಕ್ಕೆ ಸುಮಾರು 20 ಪಾಲು, ಮೊಟ್ಟೆ ಇಡುವ ಹೇಂಟೆಗೆ 16ರಿಂದ 18 ಪಾಲು ಪ್ರೋಟೀನ್ ಇರುವ ಮೇವು ಬೇಕು. ಹೊಲದಲ್ಲಿ ಮೇಯುವ ನಾಟಿ ಕೋಳಿ ಹುಳು ತಿಂದು ಇದನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ. ಕಾಂಪೌಂಡಿನೊಳಗೆ ಇಟ್ಟ ಗಿರಿರಾಜಕ್ಕೆ ಅದು ಸಿಗುವುದಿಲ್ಲ. ಕಡಲೆಕಾಯಿ ಹಿಂಡಿ ಸ್ವಲ್ಪ ಸೇರಿಸಬಹುದು, ಬೂಷ್ಟು ಹಿಡಿದದ್ದು ಮಾತ್ರ ಬೇಡ, ಅದು ವಿಷ. ಮೊಟ್ಟೆ ಕೋಳಿಯ ಮೇವನ್ನು ಮರಿಗಳಿಗೆ ಹಾಕಬೇಡಿ, ಅದರಲ್ಲಿರುವ ಜಾಸ್ತಿ ಸುಣ್ಣದ ಅಂಶ ಮರಿಗಳ ಮೂತ್ರಪಿಂಡ ಕೆಡಿಸುತ್ತದೆ. ಬೇರೆ ಬೇರೆ ವಯಸ್ಸಿನವು ಒಟ್ಟಿಗೆ ಇದ್ದರೆ ಎಲ್ಲಕ್ಕೂ ಮರಿ ಮೇವೇ ಹಾಕಿ, ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿ ಇಡಿ. ಬೇಕಾದ ಹೇಂಟೆ ತಾನೇ ಬಂದು ತಿನ್ನುತ್ತದೆ.

ನಮ್ಮ ಕಡೆ ಹಳಬರು ಮಾಡುತ್ತಿದ್ದ ಒಂದು ಉಪಾಯ ಈಗಲೂ ಬಹಳ ಒಳ್ಳೆಯದು. ಹಳೆಯ ಮಡಕೆಯೊಳಗೆ ಒಣ ಸಗಣಿ, ಹುಲ್ಲು, ಹರಿದ ಗೋಣಿ ತುರುಕಿ, ನೀರು ಚಿಮುಕಿಸಿ, ಗೆದ್ದಲು ಓಡಾಡುವ ಕಡೆ ಸಂಜೆ ಬೋರಲು ಹಾಕಿ ಬರುವುದು. ಬೆಳಿಗ್ಗೆ ಎತ್ತಿದರೆ ಒಳಗೆ ಗೆದ್ದಲು ಮುತ್ತಿರುತ್ತದೆ. ಅದನ್ನು ತಂದು ಮರಿಗಳ ಮುಂದೆ ಕೊಡವಿದರೆ ನೆಲದಲ್ಲಿ ಒಂದೂ ಉಳಿಯುವುದಿಲ್ಲ. ಪ್ರೋಟೀನೂ ಆಯಿತು, ಕೊಕ್ಕಿಗೆ ಕೆಲಸವೂ ಆಯಿತು.

ಮೇವಿನ ತಟ್ಟೆ, ನೀರಿನ ಪಾತ್ರೆ ಎರಡೆರಡು ಇರಲಿ, ಒಂದಕ್ಕೊಂದು ಕಾಣದಷ್ಟು ದೂರದಲ್ಲಿ. ಒಂದೇ ತಟ್ಟೆ ಇದ್ದರೆ ಯಜಮಾನಿ ಅಲ್ಲೇ ಕಾವಲು ನಿಲ್ಲುತ್ತದೆ. ಎರಡಿದ್ದರೆ ಅದಕ್ಕೆ ಎರಡೂ ಕಡೆ ಇರಲು ಆಗುವುದಿಲ್ಲವಲ್ಲ. ರಾತ್ರಿ ಕೂರುವ ಅಡ್ಡಗೋಲಿನಲ್ಲಿ ಒಂದೊಂದು ಕೋಳಿಗೆ ಒಂದು ಗೇಣು ಜಾಗ ಬೇಕು, ಗಿರಿರಾಜಕ್ಕೆ ಇನ್ನೂ ಸ್ವಲ್ಪ ಜಾಸ್ತಿ, ಮತ್ತು ಅದಕ್ಕೆ ಕೋಲು ತಗ್ಗಿನಲ್ಲಿರಬೇಕು. ಎತ್ತರದಿಂದ ಧುಮುಕಿದರೆ ಆ ಭಾರಕ್ಕೆ ಕಾಲು ಊದುತ್ತದೆ. ಗೂಡಿನೊಳಗೆ ಒಂದಕ್ಕೆ ಎರಡು ಚದರ ಅಡಿಗಿಂತ ಕಡಿಮೆ ಬೇಡ, ಹಗಲೆಲ್ಲ ಕೂಡಿಯೇ ಇಡುವುದಾದರೆ ಅದರ ಎರಡರಷ್ಟು ಇರಲಿ. ನಾಲ್ಕೈದು ಹೇಂಟೆಗೆ ಒಂದು ಮೊಟ್ಟೆ ಬುಟ್ಟಿ. ಅಂಗಳದಲ್ಲಿ ಒಂದು ಹಲಗೆ ಒರಗಿಸಿ, ಸೌದೆ ಕಟ್ಟು ಇಡಿ, ಸೊಪ್ಪಿನ ಕಂತೆಯನ್ನು ಕತ್ತಿನ ಎತ್ತರಕ್ಕೆ ನೇತುಹಾಕಿ. ಬೂದಿ ಬೆರೆಸಿದ ಒಣಮಣ್ಣಿನ ಗುಂಡಿ ಇದ್ದರೆ ಅದರಲ್ಲಿ ಹೊರಳಾಡಿ ಹೇನು ಕೊಡವಿಕೊಳ್ಳುತ್ತವೆ.

## ಹೊಸ ಕೋಳಿ ಸೇರಿಸುವ ಬಗೆ

ತಂದ ಕೋಳಿಯನ್ನು ಮೊದಲು ಎರಡರಿಂದ ನಾಲ್ಕು ವಾರ ದೂರದಲ್ಲಿ ಬೇರೆ ಇಡಿ. ಇದು ಜಗಳಕ್ಕಲ್ಲ, ರೋಗಕ್ಕೆ. ಸಂತೆಯಿಂದ ಬಂದದ್ದು ಮೇಲೆ ಚೆನ್ನಾಗಿ ಕಂಡರೂ ಒಳಗೆ ಏನು ಹೊತ್ತುಕೊಂಡು ಬಂದಿದೆಯೋ ಗೊತ್ತಾಗುವುದಿಲ್ಲ. ಮೊದಲು ಮನೆಯ ಕೋಳಿಗಳಿಗೆ ಮೇವು ಹಾಕಿ, ಆಮೇಲೆ ಹೊಸದರ ಕಡೆ ಹೋಗಿ. ತಿರುಗಾಮುರುಗಾ ಮಾಡಿದರೆ ರೋಗವನ್ನು ನಿಮ್ಮ ಕೈಕಾಲೇ ಹೊತ್ತು ತರುತ್ತದೆ.

ಆಮೇಲೆ ಒಂದು ವಾರ ಕಂಡರೂ ಕುಕ್ಕಲಾಗದ ಹಾಗೆ ಇಡಬೇಕು. ಅಂಗಳದ ಒಂದು ಭಾಗಕ್ಕೆ ಜಾಲರಿ ಕಟ್ಟಿ ಹೊಸವನ್ನು ಅದರೊಳಗೆ ಬಿಡಿ. ಜಾಲರಿಯ ಎರಡೂ ಬದಿ ಹತ್ತಿರ ಹತ್ತಿರ ಮೇವು ಹಾಕಿ. ಮೊದಲೆರಡು ದಿನ ಹಳೆಯವು ಜಾಲರಿಗೇ ಎದೆ ಕೊಟ್ಟು ಹಾರುತ್ತವೆ. ನಾಲ್ಕೈದು ದಿನಕ್ಕೆ ಎರಡೂ ಕಡೆಯವು ಪಕ್ಕಪಕ್ಕದಲ್ಲೇ ತಿನ್ನಲು ಶುರು ಮಾಡಿದರೆ, ತಲೆ ಗುರುತು ಹತ್ತಿತು ಅಂತ ಲೆಕ್ಕ.

ಜಾಲರಿ ತೆಗೆಯುವ ದಿನ ಹೊರಗೆ ಬಯಲಿನಲ್ಲಿ ಬಿಡಿ, ಗೂಡಿನೊಳಗಲ್ಲ. ಸಂಜೆ ಹೊತ್ತು ಒಳ್ಳೆಯದು, ಸ್ವಲ್ಪ ಹೊತ್ತಿಗೆ ಎಲ್ಲವೂ ಗೂಡು ಸೇರುವ ಯೋಚನೆಯಲ್ಲಿರುತ್ತವೆ. ರಾತ್ರಿ ಕತ್ತಲಲ್ಲಿ ಹೊಸ ಕೋಳಿಯನ್ನು ಎತ್ತಿ ಅಡ್ಡಗೋಲಿನ ಮೇಲೆ ಕೂರಿಸುವ ರೂಢಿಯೂ ಇದೆ. ಕತ್ತಲಲ್ಲಿ ಕೋಳಿಗೆ ಸರಿಯಾಗಿ ಕಣ್ಣು ಕಾಣುವುದಿಲ್ಲ, ಹಾಗಾಗಿ ರಾತ್ರಿ ಶಾಂತಿ. ಆದರೆ ಬೆಳಗಾದ ಮೇಲೆ ಜಗಳ ಇದ್ದೇ ಇರುತ್ತದೆ. ಜಾಲರಿಯ ವಾರ ಮುಗಿಸದೆ ಬರೀ ಇದನ್ನೇ ನಂಬಿಕೊಳ್ಳಬೇಡಿ, ಬೆಳಕು ಹರಿಯುವ ಮುಂಚೆ ಎದ್ದು ಗೂಡು ತೆಗೆಯಲೇಬೇಕು.

ಒಂಟಿ ಕೋಳಿ ಸೇರಿಸಬೇಡಿ, ಎಲ್ಲ ಏಟೂ ಅದಕ್ಕೇ ಬೀಳುತ್ತದೆ. ಎರಡು ಮೂರು ಇದ್ದರೆ ಹಂಚಿಹೋಗುತ್ತದೆ. ಇಲಾಖೆಯಿಂದ ಬಂದ ಐದು ವಾರದ ಮರಿಗಳನ್ನು ದೊಡ್ಡ ಹೇಂಟೆಗಳ ಜೊತೆ ನೇರ ಬಿಡುವುದಂತೂ ಬೇಡವೇ ಬೇಡ. ಮೈಯಲ್ಲಿ ಸಮಸಮ ಆಗುವವರೆಗೂ, ಅಂದರೆ ಹನ್ನೆರಡು ವಾರ ದಾಟುವವರೆಗಾದರೂ ಬೇರೆ ಇಡಿ. ಹಗಲಲ್ಲಿ ಜಾಲರಿ ಪಕ್ಕ ಇರಲಿ. ಮರಿ ಮಾತ್ರ ನುಸುಳುವಷ್ಟು ಸಂದಿ ಇರುವ ಒಂದು ಬುಟ್ಟಿ ಬೋರಲು ಹಾಕಿ, ಒಳಗೆ ಮೇವಿಟ್ಟರೆ ಅವಕ್ಕೆ ಓಡಿಹೋಗಲು ಒಂದು ಮನೆಯೂ ಆಯಿತು.

ಇಷ್ಟಾದರೂ ಒಂದು ಹೇಂಟೆ ಬಿಡದೆ ಕಾಡುತ್ತಿದ್ದರೆ, ಏಟು ತಿನ್ನುವುದನ್ನಲ್ಲ, ಕಾಡುವುದನ್ನು ಎತ್ತಿ ನಾಲ್ಕೈದು ದಿನ ಬೇರೆ ಹಾಕಿ. ಅಷ್ಟರಲ್ಲಿ ಉಳಿದವು ತಮ್ಮೊಳಗೆ ಸರದಿ ಮಾಡಿಕೊಳ್ಳುತ್ತವೆ. ಮರಳಿ ಬಂದಾಗ ಅದಕ್ಕೆ ಹಳೆಯ ದರ್ಬಾರು ಸುಲಭಕ್ಕೆ ಸಿಗುವುದಿಲ್ಲ.

## ಹುಂಜಗಳ ಲೆಕ್ಕ

ಎಂಟು ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಬರೀ ಮೊಟ್ಟೆ ಬೇಕಿದ್ದರೆ ಹುಂಜವೇ ಬೇಡ, ಹುಂಜ ಇಲ್ಲದೆಯೂ ಹೇಂಟೆ ಮೊಟ್ಟೆ ಇಡುತ್ತದೆ, ಮರಿ ಮಾತ್ರ ಆಗುವುದಿಲ್ಲ. ಹುಂಜ ಜಾಸ್ತಿಯಾದರೆ ಅವು ಕಾದಾಡುವುದು ಒಂದು ಕಷ್ಟ, ಅದಕ್ಕಿಂತ ದೊಡ್ಡದು ಹೇಂಟೆಗಳ ಪಾಡು. ಬೆನ್ನಿನ ಪುಕ್ಕ ಉದುರಿ ಚರ್ಮ ಕಾಣುತ್ತಿದ್ದರೆ, ಕತ್ತಿನ ಹಿಂದೆ ಬೋಳಾಗಿದ್ದರೆ ಹುಂಜ ಜಾಸ್ತಿಯಾಗಿದೆ ಅಂತ. ಗಿರಿರಾಜದಂಥ ದಪ್ಪ ಹುಂಜ ಸಣ್ಣ ನಾಟಿ ಹೇಂಟೆಯ ಮೇಲೆ ಹತ್ತಿದಾಗ ಪಕ್ಕೆಗೆ ಉಗುರು ಗೀರಿ ಆಳದ ಗಾಯ ಆಗುವುದೂ ಇದೆ, ಪುಕ್ಕ ಸರಿಸಿ ನೋಡಬೇಕು.

ನಾಲ್ಕೈದು ತಿಂಗಳಿಗೆ ಎಳೆ ಹುಂಜಗಳಿಗೆ ಪ್ರಾಯ ಬರುತ್ತದೆ. ಅಲ್ಲಿಯವರೆಗೆ ಅಣ್ಣತಮ್ಮಂದಿರ ಹಾಗಿದ್ದವು ಒಂದು ಬೆಳಿಗ್ಗೆ ಶುರು ಹಚ್ಚಿಕೊಳ್ಳುತ್ತವೆ. ಆ ಹೊತ್ತಿಗೆ ಯಾವುದನ್ನು ಉಳಿಸಿಕೊಳ್ಳುವುದು ಅಂತ ತೀರ್ಮಾನ ಮಾಡಿ, ಉಳಿದವನ್ನು ಮಾರಿ ಅಥವಾ ಅಡುಗೆಗೆ ಕೊಡಿ, ಇಲ್ಲವೇ ಹೇಂಟೆಗಳ ಕಣ್ಣಿಗೆ ಬೀಳದಷ್ಟು ದೂರ ಬೇರೆ ಗುಂಪು ಮಾಡಿ. ಹೇಂಟೆ ಇಲ್ಲದ ಕಡೆ ಒಟ್ಟಿಗೆ ಬೆಳೆದ ಹುಂಜಗಳು ಸಾಮಾನ್ಯವಾಗಿ ಸುಮ್ಮನಿರುತ್ತವೆ, ಅಸೀಲ್ ಬಿಟ್ಟು.

ಅಪ್ಪಟ ನಾಟಿ ಮರಿಯೇ ಬೇಕು ಅನ್ನುವವರು ಇನ್ನೊಂದು ವಿಷಯ ನೆನಪಿಡಿ. ಹುಂಜದ ವೀರ್ಯ ಹೇಂಟೆಯ ಮೈಯಲ್ಲಿ ಎರಡು ಮೂರು ವಾರ ಉಳಿಯುತ್ತದೆ. ಗಿರಿರಾಜ ಹುಂಜವನ್ನು ತೆಗೆದು ನಾಟಿ ಹುಂಜ ಬಿಟ್ಟ ಮೇಲೆ ಮೂರು ವಾರ ಕಳೆದು ಬಂದ ಮೊಟ್ಟೆಯನ್ನೇ ಕಾವಿಗೆ ಇಡಿ.

## ಕಾವಿಗೆ ಕೂತ ಹೇಂಟೆ

ಕಾವಿಗೆ ಕೂತ ಹೇಂಟೆಯ ಸ್ವಭಾವವೇ ಬದಲಾಗುತ್ತದೆ. ಕೈ ಹತ್ತಿರ ಬಂದರೆ ಪುಕ್ಕ ಕೆದರಿ ಕುಕ್ಕುತ್ತದೆ. ಬೇರೆ ಹೇಂಟೆಗಳು ಅದೇ ಬುಟ್ಟಿಗೆ ನುಗ್ಗಿ ಮೊಟ್ಟೆ ಇಟ್ಟರೆ ಜಗಳ, ಒಡೆದ ಮೊಟ್ಟೆ, ಎಲ್ಲವೂ. ಕೂತದ್ದು ಖಾತ್ರಿಯಾದ ಮೇಲೆ ಬುಟ್ಟಿ ಸಮೇತ ರಾತ್ರಿ ಬೇರೆ ಕೋಣೆಗೆ ಒಯ್ಯಿರಿ. ನಾಟಿ ಹೇಂಟೆ ಹತ್ತು ಹನ್ನೆರಡು ಮೊಟ್ಟೆಗೆ ಆರಾಮಾಗಿ ಕಾವು ಕೊಡುತ್ತದೆ. ತಾವು ಕೂರದ ಗಿರಿರಾಜ, ಸ್ವರ್ಣಧಾರ, ಕಡಕ್‌ನಾಥ್‌ಗಳ ಮೊಟ್ಟೆಯನ್ನೂ ಇದರ ಕೆಳಗೇ ಇಡಬಹುದು, 21 ದಿನಕ್ಕೆ ಮರಿ. ಹೀಗೆ ಬೇರೆ ತಳಿಯ ಮರಿಗಳು ಒಂದೇ ತಾಯಿಯ ರೆಕ್ಕೆಯಡಿ ಬೆಳೆದರೆ ಮುಂದೆ ಜಗಳವೂ ಕಡಿಮೆ. ಮರಿ ತಾಯಿ ಇಡೀ ಗುಂಪನ್ನೇ ಎದುರು ಹಾಕಿಕೊಂಡು ಮರಿಗಳನ್ನು ಕಾಯುತ್ತದೆ, ಹುಂಜವೂ ದಾರಿ ಬಿಡುತ್ತದೆ. ಆರರಿಂದ ಎಂಟು ವಾರಕ್ಕೆ ತಾನೇ ಮರಿಗಳನ್ನು ಕುಕ್ಕಿ ಅಟ್ಟಲು ಶುರು ಮಾಡುತ್ತದೆ. ಗಾಬರಿ ಬೇಡ, ಸಾಕಿದ್ದು ಮುಗಿಯಿತು ಅಂತ ಅದರ ಅರ್ಥ.

## ಗಾಯ, ಗಾಯದ ಹಾಗೆ ಕಾಣುವ ರೋಗ

ರಕ್ತ ಬಂದ ಕೋಳಿಯನ್ನು ಆ ಕ್ಷಣವೇ ಎತ್ತಿ ಬೇರೆ ಇಡಿ. ಉಪ್ಪು ಹಾಕಿ ಕುದಿಸಿ ಆರಿಸಿದ ನೀರಲ್ಲಿ ತೊಳೆದು, ಅರಿಸಿನ ಕಲೆಸಿದ ಬೇವಿನೆಣ್ಣೆ ಹಚ್ಚಿ. ನೊಣ ಕೂರದ ಹಾಗೆ ನೋಡಿಕೊಳ್ಳಬೇಕು, ಹುಳು ಬಿದ್ದರೆ ಕಷ್ಟ. ಪೂರ್ತಿ ಒಣಗಿ, ಕೆಂಪು ಕಾಣದಂತಾದ ಮೇಲೆ ಜಾಲರಿ ಪಕ್ಕ ಎರಡು ದಿನ ಇಟ್ಟು ಆಮೇಲೆ ಬಿಡಿ. ಚರ್ಮ ಹರಿದು ಮಾಂಸ ಕಾಣುತ್ತಿದ್ದರೆ, ಮೊಟ್ಟೆ ಇಡುವ ಜಾಗ ಹೊರಗೆ ಬಂದಿದ್ದರೆ ಮನೆ ಮದ್ದು ಸಾಲದು, ಪಶು ಆಸ್ಪತ್ರೆಗೆ ಒಯ್ಯಿರಿ.

ಜುಟ್ಟಿನಲ್ಲಿ, ಕಣ್ಣಿನ ಸುತ್ತ, ಕೊಕ್ಕಿನ ಬದಿಯಲ್ಲಿ ಕಪ್ಪು ಹಕ್ಕಳೆಗಳು ಕಂಡರೆ ಕುಕ್ಕಿದ ಗಾಯ ಅಂದುಕೊಂಡು ಬಿಟ್ಟುಬಿಡುವವರೇ ಜಾಸ್ತಿ. ಕುಕ್ಕಿದ ಗಾಯ ಒಂದು ಕೋಳಿಗೆ, ಒಂದು ಕಡೆ ಇರುತ್ತದೆ. ಗಂಟು ಗಂಟಾಗಿ, ಒಂದಾದ ಮೇಲೊಂದು ಕೋಳಿಗೆ ಬರುತ್ತಿದ್ದರೆ ಅದು ಕೋಳಿ ಸಿಡುಬು. ಸೊಳ್ಳೆಯಿಂದ ಹರಡುತ್ತದೆ, ಲಸಿಕೆ ಇದೆ. ಹಾಗೇ ಸರದಿಯ ಕೊನೆಯ ಕೋಳಿ ಮೂಲೆಯಲ್ಲಿ ತೂಕಡಿಸುತ್ತಾ ನಿಂತರೆ ಏಟಿಗೆ ಹೆದರಿದೆ ಅಂತ ಬಿಡಬೇಡಿ. ಕತ್ತು ತಿರುಚಿಕೊಳ್ಳುವುದು, ಹಸಿರು ಬೇಧಿ, ಬಾಯಿ ತೆರೆದು ಉಸಿರಾಡುವುದು ಕಂಡರೆ ಕೊಕ್ಕರೆ ರೋಗ, ಅಂದರೆ ರಾಣಿಖೇತ್ ಇರಬಹುದು. ಮರಿಗೆ ಮೊದಲ ವಾರದಲ್ಲಿ ಕಣ್ಣು ಅಥವಾ ಮೂಗಿಗೆ ಹನಿ ಲಸಿಕೆ, ಎಂಟು ವಾರದ ಹೊತ್ತಿಗೆ ಚುಚ್ಚುಮದ್ದು ಹಾಕಿಸಿದ್ದರೆ ಇದರ ಭಯ ಕಡಿಮೆ. ಹೊಸ ಕೋಳಿ ತರುವಾಗ ಮಾರುವವರನ್ನು ಮೊದಲು ಕೇಳಬೇಕಾದ್ದು ಇದನ್ನೇ. ಟರ್ಕಿಯನ್ನೂ ಕೋಳಿಗಳ ಜೊತೆಗೇ ಸಾಕುವ ಆಸೆ ಇದ್ದರೆ ಬಿಟ್ಟುಬಿಡಿ. ಕೋಳಿಯ ಹೊಟ್ಟೆಯಲ್ಲಿ ಅದಕ್ಕೆ ತೊಂದರೆ ಕೊಡದೆ ಇರುವ ಹುಳುವಿನ ಮೂಲಕ ಟರ್ಕಿಗೆ ಹೋಗುವ ಸೋಂಕು ಅದನ್ನು ಕೊಂದುಹಾಕುತ್ತದೆ.

ಒಂದೆರಡು ದಿನದಲ್ಲಿ ಹಲವು ಕೋಳಿ ಒಟ್ಟಿಗೆ ಸತ್ತರೆ ಸತ್ತವನ್ನು ಕೆರೆಗೋ ಹಳ್ಳಕ್ಕೋ ಎಸೆಯಬೇಡಿ, ಉಳಿದವನ್ನು ಅವಸರಕ್ಕೆ ಮಾರಬೇಡಿ. ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ, ಅಥವಾ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಅವರು ಬಂದು ಹೇಳುವವರೆಗೂ ಗೂಡಿನ ಬಾಗಿಲು ಹಾಕಿಯೇ ಇರಲಿ.